ಕಾಗದ ಕಡಿತದ ವರದಿ

ಮಂಗಳವಾರ, ಮಾರ್ಚ್ ೧೨
ಆರೋಗ್ಯ ಕೇಂದ್ರದ ಔಷಧಿ ಕೋಣೆಯಿಂದ

ಅಕ್ಕಾ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಪ್ರೀತಿ ಇದೆ, ಇವತ್ತು ಅದರ ಸರದಿಯಲ್ಲ. ದಾಖಲೆಯೆಲ್ಲ ಸರಿಯಾಗಿದೆ, ಬಾಯಿ ಮುಚ್ಚಿಕೊಂಡಿರು ಎಂದು ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗಿನಿಂದ ಮೈ ಉರಿಯುತ್ತಿದೆ.

ನರ್ಸುಗಳ ಬರವಣಿಗೆ ಕಡಿಮೆ ಮಾಡುತ್ತೇವೆ ಎಂಬ ನಿನ್ನ ಸುತ್ತೋಲೆ ಬಂದಾಗ ನಿಜಕ್ಕೂ ಖುಷಿಪಟ್ಟಿದ್ದೆ. ನಮ್ಮಕ್ಕ ಪ್ರಧಾನ ಕಚೇರಿಯಲ್ಲಿರುವುದು ಸಾರ್ಥಕವಾಯಿತು ಎಂದು ಡಾಕ್ಟರ ಮುಂದೆ ಜಂಬ ಕೊಚ್ಚಿಕೊಂಡೆ. ಆಮೇಲೆ ಪುಟ ತಿರುವಿದೆ. ಯಾವ ರಿಜಿಸ್ಟರ್ ಕೈಬಿಟ್ಟಿರಿ, ಯಾಕೆ ಬಿಟ್ಟಿರಿ, ಎಷ್ಟು ಹಾಳೆ ಉಳಿಯಿತು ಎಂದು ಪ್ರತಿ ಗುರುವಾರ ಮೂರು ಪ್ರತಿ ಕಳಿಸಬೇಕಂತೆ. ವರದಿ ಬಾರದೆ ರಿಜಿಸ್ಟರ್ ಬಿಡುವಂತಿಲ್ಲ, ರಿಜಿಸ್ಟರ್ ಬಿಡದೆ ವರದಿ ತುಂಬುವಂತಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು. ಹದಿನಾಲ್ಕು ರಿಜಿಸ್ಟರ್ ಇದ್ದದ್ದು ಈ ವರದಿ ಸೇರಿ ಹದಿನೈದಾಯಿತು.

ಗುರುವಾರ ನಾನು ಮನೆಮನೆಗೆ ಹೋಗುವ ದಿನ. ಹಿಂದಿನ ಗಲ್ಲಿಯ ಟೈಲರಮ್ಮನಿಗೆ ಎಂಟು ತಿಂಗಳು, ಚೊಚ್ಚಲ ಬಸಿರು, ಕಾಲು ಊದಿಕೊಂಡಿತ್ತು. ಬಂದು ಬಿ.ಪಿ. ನೋಡುತ್ತೇನೆ ಎಂದು ಮಾತು ಕೊಟ್ಟಿದ್ದೆ. ಕಳೆದ ಗುರುವಾರ ಚೀಲ ಹೆಗಲಿಗೇರಿಸಿದಾಗಲೇ ನಿಮ್ಮ ಕಚೇರಿಯಿಂದ ಫೋನು. ಉಳಿತಾಯದ ಹಾಳೆಗಳ ಸಂಖ್ಯೆ ತಾಳೆಯಾಗುತ್ತಿಲ್ಲ, ಐದು ಗಂಟೆಯೊಳಗೆ ತಿದ್ದಿ ಕಳಿಸಿ ಎಂದರು. ಉಳಿಯದೇ ಇದ್ದ ಹಾಳೆಗಳನ್ನು ಕೂತು ಎಣಿಸಿದೆ.

ಭೇಟಿಯ ರಿಜಿಸ್ಟರಿನಲ್ಲಿ ಅವಳ ಸಾಲು ಖಾಲಿಯೇ ಇತ್ತು. ಒಂದು ಕಾಲಂ ಖಾಲಿಯಿದ್ದರೂ ಇಡೀ ರಿಜಿಸ್ಟರನ್ನು ವಾಪಸ್ ಕಳಿಸುತ್ತೀರಿ. ನಾಳೆ ಹೇಗೂ ಹೋಗುತ್ತೇನಲ್ಲ ಎಂದುಕೊಂಡು ಬಿ.ಪಿ. ಪಟ್ಟಿಯನ್ನು ನನ್ನ ತೋಳಿಗೇ ಸುತ್ತಿದೆ. ಬಂದ ಅಂಕಿಯನ್ನು ಅವಳ ಹೆಸರಿನ ಮುಂದೆ ಬರೆದೆ. ಬಾಯಿಗೆ ಬಂದ ಅಂಕಿ ಬರೆಯುವುದಕ್ಕಿಂತ ಅದು ವಾಸಿ ಅನ್ನಿಸಿತ್ತು. ಇಲ್ಲಿ ನಾವೆಲ್ಲ ಹಾಗೇ ಮಾಡುತ್ತೇವೆ. ನೆನೆದರೆ ನಾಚಿಕೆಯಾಗುತ್ತದೆ.

ಶುಕ್ರವಾರ ಬೆಳಿಗ್ಗೆ ಅವಳು ಹೊಲಿಗೆ ಯಂತ್ರದ ಮುಂದೆಯೇ ಬಿ.ಪಿ. ಏರಿ ಫಿಟ್ಸ್ ಬಂದು ಬಿದ್ದಳು. ದೊಡ್ಡಾಸ್ಪತ್ರೆಯಲ್ಲಿ ಅವಳು ಉಳಿದಳು, ಮಗು ಉಳಿಯಲಿಲ್ಲ. ಹೆಣ್ಣು ಮಗು.

ವಿಚಾರಣೆಗೆ ಬಂದವರು ಯಾರ ಮುಖವನ್ನೂ ನೋಡಲಿಲ್ಲ, ರಿಜಿಸ್ಟರ್ ನೋಡಿದರು. ಹಿಂದಿನ ದಿನ ಬಿ.ಪಿ. ಸರಿಯಿತ್ತು, ಕೇಂದ್ರದ ತಪ್ಪಿಲ್ಲ, ತಾಯಿಯೇ ಆರೋಗ್ಯದ ಕಡೆ ಗಮನ ಕೊಟ್ಟಿಲ್ಲ ಎಂದು ಬರೆದುಕೊಂಡು ಹೋದರು. ನನ್ನ ತೋಳಿನ ಅಂಕಿ ಹಿಡಿದು, ಮಗು ಕಳೆದುಕೊಂಡವಳನ್ನೇ ತಪ್ಪಿತಸ್ಥೆ ಮಾಡಿದರು. ನೀನು ಅದಕ್ಕೆ ಮೊಹರು ಒತ್ತಿದೆ. ನಿಜ ಏನೆಂದು ಶುಕ್ರವಾರವೇ ಅತ್ತುಕೊಂಡು ನಿನಗೆ ಹೇಳಿದ್ದೆ, ಅಕ್ಕಾ. ಗೊತ್ತಿದ್ದೂ ಒತ್ತಿದೆ.

ಕೆಲಸ ಹೋದರೆ ಅಮ್ಮನಿಗೆ ಏನು ಹೇಳುತ್ತೀ ಎಂದು ನಿನ್ನೆ ಕೇಳಿದೆಯಲ್ಲ. ಅಮ್ಮನಿಗೆ ಆಗಲೇ ಹೇಳಿಯಾಯಿತು. ನಡೆದದ್ದನ್ನು ಒಂದೇ ಹಾಳೆಯಲ್ಲಿ ಬರೆದು, ಸಹಿ ಹಾಕಿ, ನಿನ್ನ ಮೇಲಧಿಕಾರಿಗೆ ಕಳಿಸಿದ್ದೇನೆ. ನಿನ್ನ ಫೋನಿನ ಮಾತೂ ಅದರಲ್ಲಿದೆ. ನನಗೆ ಏನು ಬೇಕಾದರೂ ಆಗಲಿ, ಅವಳ ಮೇಲೆ ಬರೆದ ಆ ಸಾಲು ಹೋಗಬೇಕು. ತಂಗಿಯಾಗಿ ಹೀಗೆ ಮಾಡಿದೆಯಲ್ಲ ಎಂದು ನೀನು ಅನ್ನುತ್ತೀ. ಅನ್ನು. ಗುರುವಾರದ ವರದಿ ಮಾತ್ರ ಇನ್ನು ನನ್ನಿಂದ ಬರುವುದಿಲ್ಲ.

ನಿನ್ನ ತಂಗಿ

ಬಿಟ್ಟುಹೋದದ್ದು: ಆ ಹಾಳೆಯನ್ನು ಕಳಿಸುವ ಮೊದಲು ದೊಡ್ಡಾಸ್ಪತ್ರೆಯಲ್ಲಿ ಟೈಲರಮ್ಮನಿಗೆ ಓದಿ ಹೇಳಿದೆ. ಬೈಸಿಕೊಳ್ಳಲು ತಯಾರಾಗಿಯೇ ಹೋಗಿದ್ದೆ, ಬೈಯಲಿಲ್ಲ. ಗುರುವಾರ ಮಧ್ಯಾಹ್ನದಿಂದಲೇ ತಲೆ ಸಿಡಿಯುತ್ತಿತ್ತಂತೆ. ಆಸ್ಪತ್ರೆಗೆ ಹೋಗೋಣ ಎಂದು ಗಂಡ ಆಟೋ ತಂದು ನಿಲ್ಲಿಸಿದನಂತೆ. ನರ್ಸಮ್ಮ ಬರುತ್ತೇನೆ ಅಂದಿದ್ದಾರೆ, ಬಂದಾಗ ಮನೆಗೆ ಬೀಗ ಇದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಇವಳೇ ಅದನ್ನು ವಾಪಸ್ ಕಳಿಸಿದಳಂತೆ.