ಫಾರಂನಲ್ಲಿ ಇಲ್ಲದ ಏಳನೆಯ ದೇಶ

ಸುಂಕ ಇಲಾಖೆಯ ಮಾನ್ಯ ಮುಖ್ಯಾಧಿಕಾರಿಗಳೇ,

ಸರ್ಕಾರಿ ಫಾರಂ ತಿದ್ದಿದ ಅಪರಾಧಕ್ಕೆ ವಾರದೊಳಗೆ ಕ್ಷಮೆ ಕೇಳಬೇಕೆಂದು ತಾವು ನನಗೆ ನೋಟಿಸು ಕಳಿಸಿದ್ದೀರಿ. ಕೇಳುವುದಿಲ್ಲ. ಯಾಕೆಂಬುದನ್ನು ನಾಲ್ಕು ಜನರ ಎದುರಿಗೇ ಹೇಳಿಬಿಡೋಣವೆಂದು ಈ ಪತ್ರವನ್ನು ಪತ್ರಿಕೆಗೆ ಕೊಟ್ಟಿದ್ದೇನೆ.

ನಾನು ಹೆರಿಗೆ ಆಸ್ಪತ್ರೆಯಲ್ಲಿ ಯಂತ್ರ ರಿಪೇರಿ ಮಾಡುವವನು. ದಿನ ತುಂಬದೆ ಹುಟ್ಟಿದ ಕೂಸುಗಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ನಮ್ಮಲ್ಲಿ ಎರಡೇ ಎರಡು. ಒಂದರ ಹೀಟರು ಸುಟ್ಟುಹೋಯಿತು. ಮೊದಲಾಗಿದ್ದರೆ ಅಂಗೈಯಗಲದ ಆ ಹೀಟರಿಗಾಗಿ ಸಿರಿವಂತ ದೇಶದ ಕಂಪನಿಗೆ ಬರೆದು, ಅವರ ಮರ್ಜಿ ಕಾಯುತ್ತ ತಿಂಗಳುಗಟ್ಟಲೆ ಕೂರಬೇಕಿತ್ತು. ಈಗ ನಮ್ಮ ಉದಯೋನ್ಮುಖ ದೇಶಗಳ ಒಕ್ಕೂಟ ಆರರಿಂದ ಹನ್ನೊಂದಕ್ಕೆ ಬೆಳೆದಿದೆಯಲ್ಲ, ಹೊಸದಾಗಿ ಸೇರಿದ ದೇಶವೊಂದರ ಕಾರ್ಖಾನೆ ಅದನ್ನೇ ತಯಾರಿಸುತ್ತದೆ. ಒಂಬತ್ತೇ ದಿನಕ್ಕೆ ಹೀಟರು ನಿಮ್ಮ ಗೋದಾಮು ಮುಟ್ಟಿತು. ಒಕ್ಕೂಟ ದೊಡ್ಡದಾದರೆ ಯಾರಿಗೇನು ಲಾಭ ಎಂದು ಮೂಗು ಮುರಿಯುವವರಿಗೆ ನಾನು ಇದನ್ನೇ ಹೇಳುತ್ತ ಬಂದವನು. ಇಷ್ಟು ಕೋಟಿ ಜನ ಇನ್ನೊಬ್ಬರ ಬಾಗಿಲಲ್ಲಿ ಕೈಕಟ್ಟಿ ನಿಲ್ಲದೆ ತಮ್ಮತಮ್ಮಲ್ಲೇ ಕೊಟ್ಟು ತೆಗೆದುಕೊಳ್ಳುವುದೆಂದರೆ ಸಣ್ಣ ಮಾತೇ?

ಆದರೆ ಗೋದಾಮಿನಲ್ಲಿ ಅದು ಹತ್ತೊಂಬತ್ತು ದಿನ ಬಿದ್ದಿತ್ತು. ಸದಸ್ಯ ದೇಶಗಳ ಸರಕನ್ನು ಕೂಡಲೇ ಬಿಡಿಸಿಕೊಳ್ಳುವ ನಿಮ್ಮ ಫಾರಂನಲ್ಲಿ ಅಚ್ಚಾಗಿದ್ದದ್ದು ಆರೇ ಹೆಸರು. ಕಿಟಕಿಯ ಹಿಂದಿನ ಗುಮಾಸ್ತರು ಒಳ್ಳೆಯವರು. "ನಾನೇನ್ ಮಾಡ್ಲಿ ಹೇಳಿ? ಆ ದೇಶ ಪಟ್ಟೀಲೇ ಇಲ್ವಲ್ಲ" ಎಂದರು. ಅವರ ತಲೆಯ ಮೇಲೆಯೇ ಹನ್ನೊಂದು ಬಾವುಟಗಳ ಹೊಸ ಪೋಸ್ಟರು.

"ಹಾಗಾದ್ರೆ ಅದ್ಯಾಕೆ ಅಲ್ಲಿದೆ?" ಎಂದೆ.

"ಅದು ಪ್ರಚಾರ ವಿಭಾಗದ್ದು. ಹಳೇ ಫಾರಂ ಮುಗಿಯೋ ತನಕ ಹೊಸದು ಅಚ್ಚು ಹಾಕ್ಸೋ ಹಾಗಿಲ್ಲ. ಇನ್ನೂ ನಾಲ್ಕು ಬಂಡಲ್ ಇದೆ."

ಜಗತ್ತಿನ ದಿಕ್ಕನ್ನೇ ಬದಲಿಸುತ್ತೇವೆಂದು ಒಕ್ಕೂಟದ ಸಮ್ಮೇಳನದಲ್ಲಿ ಭಾಷಣ ಮಾಡಿದಿರಿ. ನಾಲ್ಕು ಬಂಡಲ್ ಕಾಗದವನ್ನು ಬದಲಿಸಲು ನಿಮಗೆ ಧೈರ್ಯ ಬರಲಿಲ್ಲ.

ಅಷ್ಟರಲ್ಲಿ ನನ್ನ ತಂಗಿಗೆ ಎಂಟನೇ ತಿಂಗಳಿಗೇ ಹೆರಿಗೆಯಾಯಿತು. ಉಳಿದಿದ್ದ ಒಂದೇ ಪೆಟ್ಟಿಗೆಯಲ್ಲಿ ಆಗಲೇ ಇನ್ನೊಬ್ಬರ ಕೂಸಿತ್ತು. ನರ್ಸಮ್ಮ ಎರಡೂ ಕೂಸುಗಳನ್ನು ಎರಡೆರಡು ಗಂಟೆ ಸರದಿಯ ಮೇಲೆ ಮಲಗಿಸುತ್ತಿದ್ದರು. ಸರದಿ ಇಲ್ಲದಾಗ ತಂಗಿ ಮಗಳನ್ನು ಎದೆಗವಚಿಕೊಂಡು, ಕಂಬಳಿ ಹೊದ್ದು, ಗಡಿಯಾರ ನೋಡುತ್ತ ಕೂರುತ್ತಿದ್ದಳು.

"ಅಣ್ಣಾ, ಆಸ್ಪತ್ರೆ ಯಂತ್ರ ಎಲ್ಲಾ ಸರಿ ಮಾಡ್ತೀಯ, ಇದೊಂದು ಆಗಲ್ವಾ? ಇವಳ ಕಾಲು ತಣ್ಣಗಾಗ್ತಿದೆ ಕಣೋ."

ಇಪ್ಪತ್ತೆರಡು ವರ್ಷದ ಕೆಲಸದಲ್ಲಿ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ಅಷ್ಟು ಸಿಟ್ಟೂ ಬಂದಿರಲಿಲ್ಲ.

ಮರುದಿನ ನಿಮ್ಮ ಕಿಟಕಿಯ ಮುಂದೆಯೇ ಸ್ಕೇಲಿಟ್ಟು ಏಳನೆಯ ಸಾಲು ಎಳೆದೆ. ದೇಶದ ಹೆಸರು ಬರೆದು, ಪಕ್ಕದಲ್ಲಿ ಸರಿ ಗುರುತು ಹಾಕಿದೆ. ಗುಮಾಸ್ತರು ಒಮ್ಮೆ ನನ್ನನ್ನು, ಒಮ್ಮೆ ಪೋಸ್ಟರನ್ನು ನೋಡಿ ಮೊಹರು ಒತ್ತಿಬಿಟ್ಟರು. ಸಂಜೆಗೆ ಹೀಟರು ಕೂತಿತು. ಎರಡೂ ಕೂಸುಗಳು ಉಳಿದವು. ಒಕ್ಕೂಟದ ವಿಸ್ತರಣೆ ನಮ್ಮೂರಿನಲ್ಲಿ ಜಾರಿಗೆ ಬಂದದ್ದು ಆ ದಿನ, ನಿಮ್ಮ ಸಮ್ಮೇಳನದ ದಿನ ಅಲ್ಲ.

ಆ ಮೊಹರಿಗಾಗಿ ತಾವು ಗುಮಾಸ್ತರನ್ನು ಅಮಾನತು ಮಾಡಿದ್ದೀರಂತೆ. ಅವರನ್ನು ನಾಳೆಯೇ ಆ ಕುರ್ಚಿಗೆ ವಾಪಸು ಕರೆಸಿ, ಹನ್ನೊಂದು ಹೆಸರಿನ ಫಾರಂ ಅಚ್ಚು ಹಾಕಿಸಿ. ಕ್ಷಮೆ ಕೇಳುವ ಮನಸ್ಸಿದ್ದರೆ ವಾರ್ಡಿಗೆ ಬಂದು ತಂಗಿಯನ್ನು ಕೇಳಿ.

ಇನ್ನೊಂದು ಸಂಗತಿ. ನಮ್ಮ ಆಮ್ಲಜನಕದ ಯಂತ್ರಕ್ಕೆ ಬೇಕಾದ ವಾಲ್ವು ನಿನ್ನೆ ಗೋದಾಮಿಗೆ ಬಂದಿದೆ. ಅದು ಹೊಸದಾಗಿ ಸೇರಿದ ಮತ್ತೊಂದು ದೇಶದ್ದು. ನಾಳೆ ಬೆಳಿಗ್ಗೆ ಹತ್ತಕ್ಕೆ ಏಳನೆಯದರ ಕೆಳಗೆ ಎಂಟನೆಯ ಸಾಲನ್ನೂ ನಾನೇ ಎಳೆಯುತ್ತೇನೆ. ತಡೆಯಬೇಕೆನಿಸಿದರೆ ತಾವೇ ಬನ್ನಿ, ನೋಟಿಸು ಕಳಿಸಬೇಡಿ.

ಇಂತಿ,
ತಮ್ಮ ಕಡತದ ಪ್ರಕಾರ ಅಪರಾಧಿಯಾದ
ಹೆರಿಗೆ ಆಸ್ಪತ್ರೆಯ ಮೆಕ್ಯಾನಿಕ್