ಹಡಗಿನ ಮೇಲೆ ಇಳಿಸಿದವಳು

12-1-98

ಕಂಪ್ಯೂಟರ್ ಸೆಂಟರಿನಲ್ಲಿ ಬೆಳಗಿನ ಬ್ಯಾಚಿಗೆ ಡಾಸ್ ಕಮಾಂಡ್ ಹೇಳಿಕೊಟ್ಟೆ. ಆಮೇಲೆ ಎಂದಿನಂತೆ ಫೈಟರ್ ಜೆಟ್ ಗೇಮ್. ಹಾರಿಸುವುದು, ಹೊಡೆಯುವುದು ಸಲೀಸು. ಹಡಗಿನ ಮೇಲೆ ಇಳಿಸುವುದು ಮಾತ್ರ ಆಗದು. ಇವತ್ತೂ ಸಮುದ್ರಕ್ಕೆ ಬಿತ್ತು. ಇಡೀ ಕೊಳ್ಳೇಗಾಲದಲ್ಲಿ ಇಳಿಸಿದವರು ಯಾರೂ ಇಲ್ಲ, ಬಿಡು.

ಸತ್ತೇಗಾಲದಿಂದ ಡಿಟಿಪಿ ಕಲಿಯಲು ಬರುವ ಭವ್ಯಶ್ರೀ, "ನಾನೊಂದ್ಸಲ ನೋಡ್ಲಾ ಸಾ?" ಎಂದಳು. ನಕ್ಕು, ಜಾಯ್‌ಸ್ಟಿಕ್ ಕೊಟ್ಟೆ.

3-2-98

ಇಳಿಸಿದಳು. ಒಂದಲ್ಲ, ಮೂರು ಸಲ. ಹುಡುಗರು ಬೆಂಚು ಹತ್ತಿ ನಿಂತು ಚಪ್ಪಾಳೆ ಹೊಡೆದರು.

ನಾನು ಕೂತೆ. ಬಿತ್ತು.

"ಸ್ಪೀಡ್ ಜಾಸ್ತಿ ಆಯ್ತು ಸಾ. ಮೂತಿ ವಸಿ ಎತ್ಬೇಕು."

ಸರಿಯಾಗೇ ಹೇಳಿದಳು. ಎಲ್ಲರೂ ನಕ್ಕರು. ಇಲ್ಲಿ ಇನ್‌ಸ್ಟ್ರಕ್ಟರ್ ನಾನು!

8-2-98, ಭಾನುವಾರ

ಸತ್ತೇಗಾಲಕ್ಕೆ ಹೋಗಿದ್ದೆ. ಅವಳು ಮನೆಯಲ್ಲಿರಲಿಲ್ಲ, ಒಳ್ಳೆಯದೇ ಆಯಿತು. ತಂದೆ ಕೆಂಪನಂಜಪ್ಪ ಗದ್ದೆಯಿಂದ ಬಂದು ಕೈಕಾಲು ತೊಳೆದು ಕೂತರು. ನಿಮ್ಮ ಮಗಳು ಪಾಠ ಬಿಟ್ಟು ಹುಡುಗರ ಮಧ್ಯೆ ಕೂತು ಆಟ ಆಡುತ್ತಾಳೆ ಎಂದೆ. ಸುಳ್ಳೇನಲ್ಲವಲ್ಲ... ಹುಡುಗರು ಎಂಬುದನ್ನು ಎರಡು ಸಲ ಹೇಳಿದೆ.

"ಬಂದು ಏಳಿದ್ರಲ್ಲ ಮೇಷ್ಟ್ರೇ, ದೊಡ್ ಉಪ್ಕಾರ."

ಮಜ್ಜಿಗೆ ಕೊಟ್ಟರು. ಕುಡಿದೆ.

20-2-98, ಮಧ್ಯಾಹ್ನ

ಹತ್ತು ದಿನದಿಂದ ಕಾಣದ ಭವ್ಯಶ್ರೀ ಇವತ್ತು ಬಸ್ ಸ್ಟ್ಯಾಂಡಿನಿಂದ ಓಡಿ ಬಂದಳು. ಕೆನ್ನೆ ಬಾತಿತ್ತು.

"ಯಾರೋ ಅಪ್ಪಂಗೆ ಚಾಡಿ ಏಳವ್ರೆ ಸಾ. ಗಂಡು ನೋಡ್ತಾವ್ರೆ. ನೀವು ಏಳುದ್ರೆ ಕೇಳ್ತಾರೆ. ಒಂದ್ಮಾತು ಏಳಿ ಸಾ..."

ಹೇಳುತ್ತೇನೆ ಎಂದೆ. ಹೋಗುವುದಿಲ್ಲ.

17-4-98

ಕೆಂಪನಂಜಪ್ಪ ಲಗ್ನಪತ್ರಿಕೆ ಹಿಡಿದು ಸೆಂಟರಿಗೇ ಬಂದರು. ಗಂಡು ಹನೂರಿನವನಂತೆ. ಹಿಂದೆ ಅವಳು, ತಲೆ ತಗ್ಗಿಸಿ. ಹುಡುಗರೆಲ್ಲ ಇದ್ದರು.

"ಇವ್ರೇ ಕಣವ್ವ, ಅವತ್ತು ಮನೆಗಂಟ ಬಂದು ಏಳಿದ್ದು. ಇಲ್ದಿದ್ರೆ ನಮ್ಗೆಲ್ಲಿ ಗೊತ್ತಾಗದು? ಕಾಲ್ಗ್ ಬೀಳು."

ಬಿದ್ದಳು. ಎದ್ದು ನನ್ನನ್ನೇ ನೋಡಿದಳು. ಅಳಲಿಲ್ಲ.

"ನಾನು ಅಷ್ಟು ಚೆನ್ನಾಗಾಡ್ತಿದ್ನಾ ಸಾ?"

ಹುಡುಗರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಪತ್ರಿಕೆ ತೆಗೆದುಕೊಂಡೆ.  ಜಾಯ್‌ಸ್ಟಿಕ್ ಸರಿಸಿ ಅದನ್ನು ಮೇಜಿನ ಮೇಲಿಟ್ಟೆ.