ಎರಡು ಮನೆ ಒಂದಾಗಲೆಂದು

ಕ್ವೇಕರ್ಸ್ ಹಿಲ್, ಸಿಡ್ನಿ
14 ಆಗಸ್ಟ್ 2016

ಮುದ್ದಿನ ಆದ್ಯಾ,

ಅಮ್ಮನ ಆಶೀರ್ವಾದಗಳು. ನಿನ್ನ ಥೀಸಿಸ್‌ನ ಅಧ್ಯಾಯ ಕೈಸೇರಿ ಮೂರು ತಿಂಗಳಾಯಿತು. ಉತ್ತರ ಬರೆಯಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ನನ್ನ ಇಂಗ್ಲಿಷ್‌ಗೆ ದಿನಕ್ಕೆರಡು ಪುಟವೇ ಹೆಚ್ಚು. ಮೆಲ್ಬರ್ನ್ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಕಷಾಯದ ಪುಡಿಯನ್ನು ನಿನ್ನಕ್ಕನ ಕೈಲಿ ಕಳಿಸುತ್ತೇನೆ. ಹೌದು, ಸುಚೇತಾ ಮುಂದಿನ ಶನಿವಾರ ನಿನ್ನಲ್ಲಿಗೆ ಬರುತ್ತಿದ್ದಾಳೆ.

ನಿನ್ನ ಅಧ್ಯಾಯದಲ್ಲಿ, ಸಾವಿರ ವರ್ಷದ ಹಿಂದೆ ಕೊರಿಯಾದ ಗೊರ್ಯೊ ವಂಶದ ಮೊದಲ ರಾಜ, ಬಲಾಢ್ಯ ಮನೆತನಗಳನ್ನು ತನ್ನ ಕಡೆ ಉಳಿಸಿಕೊಳ್ಳಲು ಇಪ್ಪತ್ತೊಂಬತ್ತು ಹೆಂಡಿರನ್ನು ಮಾಡಿಕೊಂಡನೆಂದು ಓದಿ ಮೊದಲು ನಕ್ಕೆ. ಆಮೇಲೆ ಆ ಅಕ್ಕತಂಗಿಯರ ಪುಟ ಬಂತು. ಊರಿಗೆ ಬಂದ ರಾಜನಿಗೆ ಅಪ್ಪನೇ ಇಬ್ಬರನ್ನೂ ಒಪ್ಪಿಸಿದ. ಒಬ್ಬೊಬ್ಬಳೊಡನೆ ಒಂದೊಂದು ರಾತ್ರಿ ಕಳೆದು ಹೋದವನು ಮತ್ತೆ ಬರಲಿಲ್ಲ. ಇಬ್ಬರೂ ಸನ್ಯಾಸಿನಿಯರಾದರು.

ಸುಚೇತಾ ಪಕ್ಕದಲ್ಲೇ ಬಟ್ಟೆ ಮಡಿಸುತ್ತಿದ್ದಳು. "ಜೋರಾಗಿ ಓದಮ್ಮ," ಅಂದಳು. ಓದಿ ಕನ್ನಡದಲ್ಲಿ ಹೇಳುತ್ತಾ ಹೋದೆ. ವಿಷಯ ತಿಳಿದ ರಾಜ ಕನಿಕರಪಟ್ಟು ಅವರನ್ನು ಕರೆಸಿ, ಇರಲು ಎರಡು ಮಠ ಕಟ್ಟಿಸಿಕೊಟ್ಟ ಎನ್ನುವಲ್ಲಿ ಅವಳು, "ಅವ್ನಾದ್ರೂ ಕರೆಸಿ ಮಾತಾಡಿಸ್ದ. ಮನೋಜ್ ಫೋನೂ ಎತ್ತಲ್ಲ," ಅಂದಳು.

ನಿನಗೆ ಗೊತ್ತಿರುವುದೇ. ನಿಮ್ಮಪ್ಪ ಮತ್ತು ಚಂದ್ರಶೇಖರ್ ಅಂಕಲ್ ಸೇರಿ ಇಲ್ಲೇ ಸಿಡ್ನಿಯ ಲಿವರ್‌ಪೂಲ್‌ನಲ್ಲಿ ನಡೆಸುತ್ತಿದ್ದ ಡೆಂಟಲ್ ಕ್ಲಿನಿಕ್ ಇಬ್ಭಾಗವಾಗುವುದರಲ್ಲಿತ್ತು. "ಎರಡು ಮನೆ ಒಂದಾದ್ರೆ ಎಲ್ಲಾ ಸರಿಹೋಗತ್ತೆ," ಎಂದರು ಅಪ್ಪ. ಸುಚೇತಾಳನ್ನು ಮದುವೆಯಾದ ಆರೇ ವಾರಕ್ಕೆ ಅಂಕಲ್ ಮಗ ಮನೋಜ್ ಪರ್ತ್‌ಗೆ ಹೊರಟುಹೋದ. ಪಕ್ಕದ ದಿ ಪಾಂಡ್ಸ್ ಬಡಾವಣೆಯ ಅತ್ತೆಮನೆಯಲ್ಲಿ ಇವಳು ಎರಡು ವರ್ಷ ಕಾದು ವಾಪಸ್ ಬಂದಳು. ಕ್ಲಿನಿಕ್ ಮಾತ್ರ ಚೆನ್ನಾಗಿ ನಡೆಯುತ್ತಿದೆ.

ಅವತ್ತು ಮಡಿಸಿದ ಬಟ್ಟೆಯನ್ನು ಅವಳು ಬೀರುವಿನಲ್ಲಿಡಲಿಲ್ಲ, ಸೂಟ್‌ಕೇಸಿಗೆ ತುಂಬಿದಳು. "ಡಿವೋರ್ಸ್‌ಗೆ ಆದ್ಯಾ ಮನೆಯಿಂದ್ಲೇ ಅಪ್ಲೈ ಮಾಡ್ತೀನಿ," ಅಂದಳು. ನಿಮ್ಮಪ್ಪ ಬಾಗಿಲಲ್ಲಿ ನಿಂತು, "ಚಂದ್ರುಗೆ ನಾನೇನ್ ಹೇಳ್ಲಿ ಮಗಳೇ?" ಎಂದರು. ಅವಳು ಸೂಟ್‌ಕೇಸಿನ ಜಿಪ್ ಎಳೆದಳು. ಮದುವೆಯಾದಾಗಿನಿಂದ ಅವಳು ಅಪ್ಪನೊಡನೆ ಮಾತು ಬಿಟ್ಟಿದ್ದಾಳಲ್ಲ.

ಅವಳು ಉಣ್ಣದಿದ್ದರೆ ಬಲವಂತ ಮಾಡಬೇಡ. ಜೊತೆಗೆ ಕೂತು ನೀನು ಉಣ್ಣು, ಸಾಕು. ನನ್ನ ಮಕ್ಕಳಿಬ್ಬರೂ ಒಂದೇ ಸೂರಿನಡಿ ನೆಮ್ಮದಿಯಾಗಿರಿ.

ನಿನ್ನ ಅಮ್ಮ,
ಸರಸ್ವತಿ

ತಾ.ಕ.: ಮದುವೆಗೆ ನಾಲ್ಕು ದಿನವಿದ್ದಾಗ ಸುಚೇತಾ ಅಡುಗೆಮನೆಗೆ ಬಂದು, "ಅಮ್ಮ, ನಂಗೆ ಈ ಮದ್ವೆ ಬೇಡ. ಅಪ್ಪಂಗೆ ನೀನೇ ಹೇಳು," ಎಂದು ಅತ್ತಿದ್ದಳು. ಹೇಳುತ್ತೇನೆ ಎಂದೆ. ಮಾರನೆಯ ದಿನ ಕೇಳಿದಾಗ, "ಅಪ್ಪ ಒಪ್ಪಲಿಲ್ಲ ಕಣೇ," ಎಂದುಬಿಟ್ಟೆ. ನಾನು ನಿಮ್ಮಪ್ಪನನ್ನು ಕೇಳಿಯೇ ಇರಲಿಲ್ಲ. ಇದನ್ನು ಅವಳಿಗೆ ತೋರಿಸು. ಎದುರಿಗೇ ಹೇಳಬೇಕೆಂದು ಮೂರು ಸಲ ಅವಳ ರೂಮಿನವರೆಗೆ ಹೋಗಿ ವಾಪಸ್ ಬಂದೆ.